ಸ್ವರೂಪವೂ ಹೋಲಿಕೆಯೂ

ಓದತಕ್ಕ ಭಾಗಗಳು: ಆದಿಕಾಂಡ 1:26-28, 5:1-3, 9:5-6, ಯಾಕೋಬ 3:8-10.

ಪ್ರಿಯರೇ, ದೇವರು ಮನುಷ್ಯನನ್ನು ತನ್ನ ಸ್ವರೂಪದಲ್ಲಿ ಉಂಟುಮಾಡಿದನೆಂಬದನ್ನು ನಮ್ಮ ಚಿಕ್ಕ ಮಕ್ಕಳು ಸಹ ಬಾಯಿಪಾಠವಾಗಿ ಹೇಳುತ್ತಾರೆ. ಆದರೆ ಸ್ವರೂಪವೆಂದರೇನು ಎಂದು ಕೇಳಿದರೆ ಉತ್ತರ ಕೊಡುವದು ಸುಲಭವಲ್ಲ. ದೇವರಿಗೆ ನಮ್ಮಂತೆ ಕಣ್ಣು ಮೂಗುಗಳುಂಟೋ? ಇಲ್ಲ, ಆತನು ಆತ್ಮಸ್ವರೂಪನು. ಹಾಗಾದರೆ ನಮ್ಮ ಬುದ್ಧಿಯೇ ಆ ಸ್ವರೂಪವೋ? ಬೋಧಕರಲ್ಲಿ ಅನೇಕರು ಹಾಗೆ ಹೇಳಿದ್ದುಂಟು. ಆದರೆ ಹುಟ್ಟಿನಿಂದಲೇ ಬುದ್ಧಿ ಬೆಳೆಯದ ಮಗುವಿನ ವಿಷಯದಲ್ಲಿ ಏನು ಹೇಳೋಣ? ಮುಪ್ಪಿನಲ್ಲಿ ಹೆತ್ತ ಮಕ್ಕಳ ಗುರುತನ್ನೇ ಮರೆತ ತಾಯಿಯಲ್ಲಿ ಸ್ವರೂಪವು ಅಳಿದುಹೋಯಿತೋ? ಈ ಉತ್ತರವು ಸಾಲದೆಂದು ನಮಗೆ ತೋರುತ್ತದೆ.

ಮೂಲ ಇಬ್ರಿಯ ಭಾಷೆಯಲ್ಲಿ ಇಲ್ಲಿ ಎರಡು ಶಬ್ದಗಳಿವೆ: ಸೆಲೆಮ್ ಎಂದರೆ ಸ್ವರೂಪ, ದೆಮೂತ್ ಎಂದರೆ ಹೋಲಿಕೆ. ಮೊದಲನೆಯದು ನಿಲ್ಲಿಸಿದ ಪ್ರತಿಮೆಗೂ ಹೆಸರು. ನೆಬೂಕದ್ನೆಚ್ಚರನು ದೂರಾ ಬೈಲಿನಲ್ಲಿ ನಿಲ್ಲಿಸಿದ ಬಂಗಾರದ ಪ್ರತಿಮೆಗೂ ದಾನಿಯೇಲನ ಗ್ರಂಥದ ಅರಾಮ್ಯ ಭಾಷೆಯಲ್ಲಿ ಇದೇ ಶಬ್ದವಿದೆ. 1979ರಲ್ಲಿ ಸಿರಿಯ ದೇಶದ ಟೆಲ್ ಫೆಖೆರಿಯೆ ಎಂಬಲ್ಲಿ ಒಬ್ಬ ರೈತನು ತನ್ನ ಹೊಲವನ್ನು ವಿಸ್ತರಿಸುತ್ತಿರುವಾಗ ಆಳೆತ್ತರದ ಒಂದು ಕರಿಕಲ್ಲಿನ ಪ್ರತಿಮೆ ನೆಲದೊಳಗಿಂದ ಸಿಕ್ಕಿತು. ಅದು ಗೋಜಾನಿನ ಅರಸನ ಪ್ರತಿಮೆ. ಕ್ರಿಸ್ತ ಪೂರ್ವ 9ನೆಯ ಶತಮಾನದ್ದು. ಇಸ್ರಾಯೇಲ್ಯರನ್ನು ಸೆರೆ ಒಯ್ದು ಇರಿಸಿದ ಸೀಮೆಯೂ ಇದೇ ಎಂಬದನ್ನು 2 ಅರಸುಗಳು 17:6ರಲ್ಲಿ ನೋಡಬಹುದು. ಆ ಪ್ರತಿಮೆಯ ಮೈಮೇಲೆ ಅಶ್ಶೂರ್ಯ, ಅರಾಮ್ಯ ಎಂಬ ಎರಡು ಭಾಷೆಗಳ ಬರಹವಿದೆ. ಅರಾಮ್ಯ ಬರಹದಲ್ಲಿ ಆದಿಕಾಂಡದ ಈ ಎರಡು ಶಬ್ದಗಳ ಒಡಹುಟ್ಟಿದ ಶಬ್ದಗಳೇ ಇವೆ, ಮತ್ತು ಎರಡೂ ಆ ಒಂದೇ ಪ್ರತಿಮೆಯನ್ನು ಸೂಚಿಸುತ್ತವೆ. ಸ್ವರೂಪವು ಬೇರೆ, ಹೋಲಿಕೆಯು ಬೇರೆ; ಪಾಪದಿಂದ ಹೋಲಿಕೆಯು ಹೋಯಿತು, ಸ್ವರೂಪವು ಉಳಿಯಿತು ಎಂದು 2ನೆಯ ಶತಮಾನದ ಐರೇನಿಯಸನ ಕಾಲದಿಂದ ಕೆಲವರು ಬೋಧಿಸುತ್ತಾ ಬಂದರು. ಲೂಥರನೂ ಕಾಲ್ವಿನನೂ 16ನೆಯ ಶತಮಾನದಲ್ಲಿಯೇ ಈ ವಿಭಾಗವನ್ನು ಒಪ್ಪಲಿಲ್ಲ. ಹೊಲದಲ್ಲಿ ಸಿಕ್ಕಿದ ಆ ಕಲ್ಲು ಅವರ ಕಡೆಗೇ ಸಾಕ್ಷಿ ಹೇಳುವಂತಿದೆ.

ಆ ಕಾಲದ ದೇಶಗಳಲ್ಲಿ ದೇವರ ಸ್ವರೂಪವೆಂಬ ಹೆಸರು ಯಾರಿಗೆ ಸಲ್ಲುತ್ತಿತ್ತು? ಅರಸನಿಗೆ. ಕ್ರಿಸ್ತ ಪೂರ್ವ 14ನೆಯ ಶತಮಾನದಲ್ಲಿ ಐಗುಪ್ತವನ್ನು ಆಳಿದ ತೂತಾಂಖಾಮೂನನ ಹೆಸರಿನ ಅರ್ಥವೇ ಆಮೂನ್ ದೇವರ ಸಜೀವ ಸ್ವರೂಪವೆಂಬದು. ಅಶ್ಶೂರದಲ್ಲಿಯೂ ಅರಸನನ್ನು ಹೀಗೆ ಹೊಗಳುತ್ತಿದ್ದರು. ಇಟ್ಟಿಗೆ ಸುಡುವ ದಾಸನನ್ನೂ ಧಾನ್ಯ ಬೀಸುವ ದಾಸಿಯನ್ನೂ ಹಾಗೆ ಕರೆದದ್ದಿಲ್ಲ. ಆದಿಕಾಂಡದ ಮೊದಲನೆಯ ಅಧ್ಯಾಯವಾದರೋ ಅರಸನ ಹೆಸರನ್ನು ಎತ್ತುವದೇ ಇಲ್ಲ. ಆ ಘನತೆಯನ್ನು ಮನುಷ್ಯಜಾತಿಗೆಲ್ಲಾ, ಗಂಡಿಗೂ ಹೆಣ್ಣಿಗೂ ಕೂಡಿಯೇ ಕೊಡುತ್ತದೆ. ಅದರೊಂದಿಗೆ ಭೂಮಿಯ ಮೇಲಣ ದೊರೆತನವನ್ನೂ ಕೊಡುತ್ತದೆ. (ಎತ್ತಿನ ಬಾಲವನ್ನು ತಿರುಚಿ ಮುರಿಯುವ ಅಧಿಕಾರವನ್ನು ಇದರಿಂದ ಯಾರೂ ತೆಗೆದುಕೊಳ್ಳಬಾರದು.)

ಕೆಲವರು ಮುಖದಿಂದ ಹುಟ್ಟಿದರು, ಕೆಲವರು ಪಾದದಿಂದ ಹುಟ್ಟಿದರು ಎಂಬ ಮಾತನ್ನು ಕೇಳಿ ಬೆಳೆದವರು ನಮ್ಮಲ್ಲಿ ಅನೇಕರು. ಅಂಥವರಿಗೆ ಈ ಅಧ್ಯಾಯವು ಎಂಥ ಸುವಾರ್ತೆಯೆಂಬದನ್ನು ವಿವರಿಸಬೇಕಾಗಿಲ್ಲ. ಆದರೆ ಆದಿಕಾಂಡ 9ನೆಯ ಅಧ್ಯಾಯವನ್ನೂ ಜೊತೆಯಲ್ಲಿ ಓದಬೇಕು. ಜಲಪ್ರಳಯವು ಕಳೆದ ಮೇಲೆ, ಮನುಷ್ಯನ ಹೃದಯವು ಇನ್ನೂ ಕೆಟ್ಟದ್ದೇ ಎಂದು ದೇವರು ತಾನೇ ಹೇಳಿದ ಮೇಲೆ, ಆತನು ಕೊಲೆಯನ್ನು ನಿಷೇಧಿಸಿ ಕಾರಣವಾಗಿ ಈ ಸ್ವರೂಪವನ್ನೇ ತೋರಿಸುತ್ತಾನೆ. ಆದಕಾರಣ ಸ್ವರೂಪವು ದೀಕ್ಷಾಸ್ನಾನದಿಂದ ನಮಗೆ ದೊರಕಿದ ಸ್ವತ್ತಲ್ಲ. ಬಡ್ಡಿಗಾಗಿ ನಮ್ಮ ಹೊಲವನ್ನು ಬರೆಯಿಸಿಕೊಂಡವನಿಗೂ ಅದು ಉಂಟು, ಸಭೆಯನ್ನು ಬಿಟ್ಟುಹೋದವನಿಗೂ ಉಂಟು. ಕ್ರಿಸ್ತನಲ್ಲಿ ನಮಗೆ ಆಗುವದು ಅದರ ನೂತನೀಕರಣ. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯು ಆತನನ್ನೇ ಅದೃಶ್ಯನಾದ ದೇವರ ಪ್ರತಿರೂಪವೆಂದು ತೋರಿಸಿ, ನಾವು ಆ ಮಾದರಿಗೆ ತಿದ್ದಲ್ಪಡುತ್ತಿದ್ದೇವೆಂದು ಹೇಳುತ್ತದೆ.

ಯಾಕೋಬನು ಈ ಉಪದೇಶವನ್ನು ನೇರವಾಗಿ ನಮ್ಮ ನಾಲಿಗೆಯ ಮೇಲೆ ಇಡುತ್ತಾನೆ. ದೇವರನ್ನು ಕೊಂಡಾಡಿದ ಬಾಯಿಂದಲೇ ದೇವರ ಹೋಲಿಕೆಯುಳ್ಳ ಮನುಷ್ಯನನ್ನು ಶಪಿಸುವದು ತಕ್ಕದ್ದಲ್ಲ ಎಂಬದು ಅವನ ಬೋಧೆ. ಗುಡಿಯಲ್ಲಿ ಕೀರ್ತನೆ ಹಾಡಿ ಮನೆಗೆ ಬಂದು ಒಲೆಯ ಮುಂದೆ ಸೊಸೆಯ ವಂಶವನ್ನೇ ಶಪಿಸುವದು ನಮ್ಮಲ್ಲಿ ಎಷ್ಟು ಸಾಧಾರಣ! ಇದಕ್ಕಿಂತಲೂ ನಮಗೆ ವ್ಯಸನಕರವಾದದ್ದು ಇನ್ನೊಂದುಂಟು. ಬೇರೊಂದು ಕೇರಿಯಿಂದ ಹೊಸದಾಗಿ ಸೇರಿದ ಕುಟುಂಬದವರು ಕರ್ತನ ಭೋಜನದಲ್ಲಿ ಪಾನಮಾಡಿದ ಮೇಲೆ ಅದೇ ಪಾತ್ರೆಯನ್ನು ತುಟಿಗೆ ಮುಟ್ಟಿಸಲು ಹಿಂಜರಿಯುವವರು ನಮ್ಮ ಸಭೆಗಳಲ್ಲಿ ಇಲ್ಲವೆಂದು ಹೇಳಲಾರೆವು. ಬಾಯಿಂದ ಶಾಪದ ಮಾತು ಬರದಿದ್ದರೂ ಪಕ್ಕದಲ್ಲಿ ಮೊಣಕಾಲೂರಿದವರಿಗೆ ಅದು ಕೇಳಿಸುತ್ತದೆ. ಇಂಥದ್ದು ಇರುವ ಕಡೆ ಸಭೆಯ ಹಿರಿಯರು ಮುಂದಿನ ಭೋಜನದ ಭಾನುವಾರಕ್ಕೆ ಮುಂಚೆಯೇ ಮನೆಮನೆಗೆ ಹೋಗಿ ಮಾತಾಡಬೇಕೆಂದು ಬೇಡುತ್ತೇವೆ. ಹಿಂಜರಿಕೆಯನ್ನು ಮುಚ್ಚುವದಕ್ಕೋಸ್ಕರ ಅವರಿಗೆ ಬೇರೆ ಬಟ್ಟಲನ್ನು ಇಡುವದು ಪರಿಹಾರವಲ್ಲ.