ಎದುರಿಗೆ ಯಾರೂ ಇಲ್ಲದ ಸ್ತ್ರೀವೇಷ

ಐರೋಲಿಯಲ್ಲಿರುವ ನೀವು ವಾಶಿಯ ವಿಷ್ಣುದಾಸ ಭಾವೆ ನಾಟ್ಯಗೃಹವನ್ನು ನೋಡಿರಬಹುದು. ಆ ಹೆಸರಿನ ಹಿಂದೆ ನಮ್ಮ ಕರಾವಳಿಯದೊಂದು ಕಥೆಯಿದೆ. ಉತ್ತರ ಕನ್ನಡದ ಭಾಗವತ ಮೇಳವೊಂದು ಸಾಂಗ್ಲಿಯಲ್ಲಿ ಆಟವಾಡಿತು. ಅದನ್ನು ಮೆಚ್ಚಿದ ಅಲ್ಲಿನ ಅರಸರು ಮರಾಠಿಯಲ್ಲೂ ಅಂಥದ್ದೊಂದು ಬೇಕೆಂದರು. ಭಾವೆ 1843ರಲ್ಲಿ 'ಸೀತಾ ಸ್ವಯಂವರ'ವನ್ನು ರಂಗಕ್ಕೆ ತಂದರು. ಮೇಳದಲ್ಲಾಗಲಿ, ಮರಾಠಿ ನಾಟಕದಲ್ಲಾಗಲಿ ಆಗ ಹೆಣ್ಣಿನ ಪಾತ್ರ ಮಾಡುತ್ತಿದ್ದವರು ಗಂಡಸರೇ. ಬಾಲಗಂಧರ್ವರು (1888–1967) ಮರಾಠಿ ರಂಗಭೂಮಿಯಲ್ಲಿ ಆ ಪರಂಪರೆಯ ಶಿಖರ.

ನಿಮಗೆ ಇಂದು ಪರಿಚಯಿಸಬೇಕೆಂದಿರುವುದು ಈ ಪರಂಪರೆಯಿಂದಲೇ ಬಂದು, ಅದನ್ನು ಒಂಟಿಯಾಗಿ ಮುಂದಕ್ಕೆ ಒಯ್ದ ಕಲಾವಿದರನ್ನು. ಅವರು ಮಂಟಪ ಪ್ರಭಾಕರ ಉಪಾಧ್ಯರು. ಅವರ ಕಲೆಯ ಹೆಸರು ಏಕವ್ಯಕ್ತಿ ಯಕ್ಷಗಾನ.

ಮೊದಲು ಬುನಾದಿ ತಿಳಿದುಕೊಳ್ಳೋಣ. ಯಕ್ಷಗಾನದಲ್ಲಿ ಹಾಡುವ ಭಾಗವತರು, ಮದ್ದಳೆ, ಚೆಂಡೆ ಸೇರಿ ಹಿಮ್ಮೇಳ. ವೇಷ ಕಟ್ಟಿ ಕುಣಿಯುವವರು ಮುಮ್ಮೇಳ. ಮುಮ್ಮೇಳದಲ್ಲಿ ಹೆಣ್ಣಿನ ಪಾತ್ರಕ್ಕೆ ಸ್ತ್ರೀವೇಷ ಎನ್ನುತ್ತಾರೆ. ವಾಡಿಕೆಯ ಆಟದಲ್ಲಿ ದ್ರೌಪದಿಯ ಎದುರು ಕೀಚಕ ಇರುತ್ತಾನೆ. ಅವನು ಮುಂದೆ ಬಂದರೆ ಇವಳು ಹಿಂದೆ ಸರಿಯುತ್ತಾಳೆ. ಒಬ್ಬರ ಅಭಿನಯಕ್ಕೆ ಇನ್ನೊಬ್ಬರ ಆಸರೆ. ಏಕವ್ಯಕ್ತಿಯಲ್ಲಿ ಹಿಮ್ಮೇಳ ಹಾಗೆಯೇ ಉಳಿಯುತ್ತದೆ, ಮುಮ್ಮೇಳದಲ್ಲಿ ಮಾತ್ರ ಒಬ್ಬರೇ. ಆ ಆಸರೆ ಇಲ್ಲವಾಗುತ್ತದೆ.

ಈ ಕಲ್ಪನೆ ಶತಾವಧಾನಿ ರಾ. ಗಣೇಶರದು. ಶತಾವಧಾನಿ ಎಂದರೆ ನೂರು ಮಂದಿ ಕೇಳುವುದನ್ನು ಮನಸ್ಸಿನಲ್ಲಿಟ್ಟುಕೊಂಡು ಆಶುವಾಗಿ ಪದ್ಯ ಕಟ್ಟಬಲ್ಲವರು. ಅವರ ಸಾಹಿತ್ಯಕ್ಕೆ ಉಪಾಧ್ಯರು ಜೀವ ತುಂಬಿದ 'ಭಾಮಿನಿ'ಗೆ ಅಷ್ಟನಾಯಿಕೆಯರೇ ವಸ್ತು. ಪ್ರೀತಿಯಲ್ಲಿರುವ ಹೆಣ್ಣಿನ ಎಂಟು ಮನಃಸ್ಥಿತಿಗಳನ್ನು ಭರತನ ನಾಟ್ಯಶಾಸ್ತ್ರ ಹೆಸರಿಸಿದೆ. ನಲ್ಲನಿಗಾಗಿ ಸಿಂಗರಿಸಿಕೊಂಡು ಕಾಯುವವಳು ವಾಸಕಸಜ್ಜಿಕೆ. ಬೇರೊಬ್ಬಳ ಗುರುತು ಹೊತ್ತು ಬಂದವನನ್ನು ಕಂಡು ಸಿಡಿಯುವವಳು ಖಂಡಿತೆ. ಉಳಿದವುಗಳ ಹೆಸರನ್ನು ಈಗಲೇ ಬಾಯಿಪಾಠ ಮಾಡಬೇಕಿಲ್ಲ. ನೋಡುತ್ತ ಹೋದಂತೆ ಅವು ತಾವಾಗಿ ಪರಿಚಯವಾಗುತ್ತವೆ.

ಹೊಸಬರ ಕಣ್ಣು ಸಹಜವಾಗಿ ಸೀರೆ, ಒಡವೆ, ಬಣ್ಣದ ಮೇಲೆ ನಿಲ್ಲುತ್ತದೆ. ಇದು ಆಹಾರ್ಯ, ಅಂದರೆ ಉಡುಗೆ ತೊಡುಗೆಯ ಅಭಿನಯ. ಸ್ವಲ್ಪ ಹೊತ್ತಿನ ಮೇಲೆ ನಡೆ, ಭುಜದ ಬಾಗು, ಬೆರಳುಗಳ ಚಲನೆ ಕಾಣುತ್ತವೆ. ಇದು ಆಂಗಿಕ. ಇಷ್ಟಕ್ಕೇ ನಿಲ್ಲಬೇಡಿ. ಖಂಡಿತೆಯ ಕಣ್ಣನ್ನು ಗಮನಿಸಿ. ಅವಳ ದೃಷ್ಟಿ ಎಷ್ಟು ಎತ್ತರದಲ್ಲಿ ನಿಲ್ಲುತ್ತದೋ ಅಷ್ಟೇ ಆ ನಲ್ಲನ ಎತ್ತರ. ಅದು ಎಲ್ಲಿ ತಡೆದು ನಿಂತಿತೋ ಅಲ್ಲಿದೆ ಆ ಗುರುತು. ರಂಗದಲ್ಲಿ ಇಲ್ಲದ ಗಂಡಸನ್ನು ನಿಮಗೆ ತೋರಿಸುವುದು ಆ ನೋಟವೇ. ಮನಸ್ಸು ಪಾತ್ರದಲ್ಲಿ ನೆಟ್ಟಾಗ ಮಾತ್ರ ಕಣ್ಣು ತುಂಬುವುದು, ದನಿ ನಡುಗುವುದು ಇತ್ಯಾದಿ ಹುಟ್ಟುತ್ತವೆ. ಅದನ್ನು ಸಾತ್ತ್ವಿಕ ಎನ್ನುತ್ತಾರೆ. ಹೆಣ್ಣಿನ ನಡಿಗೆಯನ್ನು ಅನುಕರಿಸಿ ನಗಿಸುವುದು ಸುಲಭ. ಅವಳ ಮನಸ್ಸಿನಿಂದ ಗಂಡನ್ನು ನೋಡುವುದು ವರ್ಷಗಳ ಸಾಧನೆ.

ಆದರೂ ಒಂದು ಪ್ರಶ್ನೆ ನಿಮಗೆ ಬರಬೇಕು, ಬಂದರೆ ಒಳ್ಳೆಯದು. ಆ ಎಂಟು ಅವಸ್ಥೆಗಳೂ ನಲ್ಲನ ಸುತ್ತಲೇ ಸುತ್ತುತ್ತವಲ್ಲ? ನಲ್ಲನ ಸುತ್ತ ಸುತ್ತದೆ ತನ್ನ ಬದುಕನ್ನು ತಾನೇ ಹೇಳುವ ಹೆಣ್ಣನ್ನು ಕಾಣಲು ಬೇರೊಂದು ರಂಗಕ್ಕೆ ಹೋಗಬೇಕು. ಲಿಂಗಪರಿವರ್ತಿತ ಮಹಿಳೆ ಎ. ರೇವತಿಯವರ ಆತ್ಮಕಥೆಯನ್ನು ದು. ಸರಸ್ವತಿಯವರು 'ಬದುಕು ಬಯಲು' ಎಂದು ಕನ್ನಡಕ್ಕೆ ತಂದರು. ಹೆಗ್ಗೋಡಿನ 'ಜನಮನದಾಟ' ತಂಡ ಅದನ್ನು ನಾಟಕವಾಗಿ ಆಡಿತು. ಮುಂದೆ ರೇವತಿಯವರು ಎ. ಮಂಗೈ ಅವರ ನಿರ್ದೇಶನದಲ್ಲಿ ತಮಿಳಿನ 'ವೆಳ್ಳೈ ಮೊಳಿ'ಯಲ್ಲಿ ತಮ್ಮ ಬದುಕನ್ನು ತಾವೊಬ್ಬರೇ ಅಭಿನಯಿಸಿದರು. ಅನುವಾದಿಸಿದ ಸರಸ್ವತಿಯವರೂ 'ಸಣ್ತಿಮ್ಮಿ ರಾಮಾಯಣ'ವನ್ನು ಒಬ್ಬರೇ ಆಡುವವರು. ಉಪಾಧ್ಯರಿಗೆ ಹೆಣ್ತನ ಸಾಧಿಸಿ ಪಡೆಯಬೇಕಾದ ಪಾತ್ರ; ರೇವತಿಯವರಿಗೆ ಅದು ಒಳಗೇ ಇದ್ದದ್ದು, ಲೋಕ ಒಪ್ಪದೆ ಇದ್ದದ್ದು. ಒಂದನ್ನು ಇಟ್ಟು ಇನ್ನೊಂದನ್ನು ಅಳೆಯುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಎರಡನ್ನೂ ನೋಡಿದವರಿಗೆ ಎರಡೂ ಹೆಚ್ಚು ಅರ್ಥವಾಗುತ್ತವೆ.

ನಿಮ್ಮ ಕಡೆ ಯಕ್ಷಗಾನವೋ ಏಕವ್ಯಕ್ತಿ ನಾಟಕವೋ ಬಂದಾಗ ಬಿಡಬೇಡಿ. ಮುಂದಿನ ಸಾಲಿನಲ್ಲೇ ಕುಳಿತುಕೊಳ್ಳಿ, ಹಿಂದಿನಿಂದ ಕಣ್ಣು ಕಾಣಿಸುವುದಿಲ್ಲ.