ಬೆತ್ತ ಹಿಡಿಯದೆ ತರಗತಿಯ ಗಲಾಟೆ ತಡೆಯುವುದು ಹೇಗೆ?

ರಾಮನಗರ, ಕನಕಪುರ, ಮಾಗಡಿ ಸೀಮೆಯ ಹಳ್ಳಿ ಶಾಲೆಗಳಲ್ಲಿ ಬೆಳಿಗ್ಗೆಯೇ ತೂಕಡಿಸುವ, ಮುಟ್ಟಿದರೆ ಪಕ್ಕದವನ ಮೇಲೆ ರೇಗುವ ಹುಡುಗರಿರುತ್ತಾರೆ. ಹೊರಗೆ ನಿಲ್ಲಿಸುವ ಮುನ್ನ ಒಂದು ಮಾತು ಕೇಳಿ: 'ಮನೇಲಿ ಹುಳ ಎಷ್ಟನೇ ಜ್ವರ, ಮಗಾ?' ರೇಷ್ಮೆ ಹುಳ ಪೊರೆ ಬಿಡುವ ಹೊತ್ತನ್ನು ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಕಳೆದು ಎದ್ದ ಹುಳಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಹಣ್ಣಾದ ಹುಳ ಆರಿಸಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ದಿನವಂತೂ ಮಕ್ಕಳೂ ಕೈಜೋಡಿಸಬೇಕು. ಆ ವಾರ ಮಗುವಿಗಿರುವುದು ದಣಿವು, ಕೊಬ್ಬಲ್ಲ. ಶಾಲೆಯಲ್ಲಿ ಕೊಡುವ ಕ್ಷೀರಭಾಗ್ಯದ ಹಾಲು ಕುಡಿದನೇ ನೋಡಿ, ಮುಂದಿನ ಬೆಂಚಿಗೆ ಕರೆದು ಕೈಗೊಂದು ಕೆಲಸ ಕೊಡಿ.

ಗಲಾಟೆಯ ಹಿಂದೆ ಹೀಗೆ ಕಾರಣವಿರಬಹುದು. ಹಾಗಾಗಿ ಅದನ್ನು ಹುಡುಕುವ ಮೊದಲ ಹೆಜ್ಜೆ, ಬರೆದಿಡುವುದು. ಗಲಾಟೆ ಯಾವ ಹೊತ್ತಿನಲ್ಲಿ, ಯಾವ ಪಾಠದಲ್ಲಿ, ಯಾರ ಪಕ್ಕ ಕೂತಾಗ ಆಯಿತು? ವಾರವಿಡೀ ದಿನಕ್ಕೊಂದು ಸಾಲು ಸಾಕು. ಓದಲು ಎಬ್ಬಿಸಿದಾಗಲೆಲ್ಲ ಕೋಡಂಗಿಯಾಟ ಆಡುವ ಮಗುವಿಗೆ ಓದಲು ಬರುತ್ತದೆಯೇ ಎಂದು ಪರೀಕ್ಷಿಸಿ. ಬಹಳಷ್ಟು ಕೀಟಲೆಯ ಹಿಂದೆ ಅಕ್ಷರದ ಭಯ ಅಡಗಿರುತ್ತದೆ.

ನಿಯಮ ಮೂರೋ ನಾಲ್ಕೋ ಇರಲಿ. ಮಕ್ಕಳಿಂದಲೇ ಹೇಳಿಸಿ, ಅವರ ಕೈಯಲ್ಲೇ ಬರೆಸಿ ಗೋಡೆಗೆ ಅಂಟಿಸಿ. ಎಲ್ಲರೂ ಒಟ್ಟಿಗೆ ಕೂಗುತ್ತಾರೆಯೇ? ಚನ್ನಪಟ್ಟಣದ ಬಣ್ಣದ ಬುಗುರಿಯೊಂದನ್ನು ತನ್ನಿ. ಅದು ಯಾರ ಕೈಯಲ್ಲಿದೆಯೋ ಅವರದೇ ಮಾತಿನ ಸರದಿ. ನಲಿ-ಕಲಿಯಲ್ಲಿ ಮೂರನೇ ತರಗತಿವರೆಗೆ ಗುಂಪಾಗಿ ಕೂತು ಕಲಿತವರು ನಾಲ್ಕಕ್ಕೆ ಬಂದಾಗ ಸಾಲಿನಲ್ಲಿ ಸುಮ್ಮನೆ ಕೂರಲು ಒದ್ದಾಡುತ್ತಾರೆ. ಅವರಿಗೆ ಆಗಾಗ ಚಟುವಟಿಕೆ ಬದಲಿಸಿ.

ಗಲಾಟೆ ಶುರುವಾದಾಗ ದನಿ ಏರಿಸಬೇಡಿ. ಪಾಠ ನಿಲ್ಲಿಸದೆ ಆ ಬೆಂಚಿನ ಹತ್ತಿರ ಹೋಗಿ ನಿಲ್ಲಿ. ಆಗಲೂ ನಿಲ್ಲದಿದ್ದರೆ ಹೆಸರು ಹಿಡಿದು, ಮಾಡಬೇಕಾದ ಕೆಲಸವನ್ನಷ್ಟೇ ಹೇಳಿ: 'ಪುಸ್ತಕ ತೆಗಿ, ಮೂರನೇ ಲೆಕ್ಕ ಮಾಡು.' ಬುದ್ಧಿಮಾತು ಬಿಡುವಿನ ವೇಳೆ, ಒಬ್ಬನೇ ಇದ್ದಾಗ. ಹರಿದ ಪುಸ್ತಕವನ್ನು ಹರಿದವನೇ ಅಂಟಿಸಿಕೊಡಲಿ. ಜಾತಿ, ಅಪ್ಪನ ಕಸುಬು ಎತ್ತಿ ಆಡುವ ಮಾತು ಬೆತ್ತದ ಏಟಿಗಿಂತ ಹೆಚ್ಚು ನೋಯಿಸುತ್ತದೆ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮೀರಿದವರ ಮೇಲೆ ಸೇವಾ ನಿಯಮದಂತೆ ಶಿಸ್ತುಕ್ರಮವಾಗುತ್ತದೆ.

ಪೋಷಕರನ್ನು ಕರೆಸುವಾಗ ಅವರ ಬಿಡುವು ಕೇಳಿ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೊರಟವರು, ಬಿಡದಿ ಕಾರ್ಖಾನೆಯ ರಾತ್ರಿ ಶಿಫ್ಟ್ ಮುಗಿಸಿದವರು ಹತ್ತು ಗಂಟೆಗೆ ಬರಲಾರರು. ಬಂದಾಗ ಮಗುವಿನ ಒಂದು ಒಳ್ಳೆಯ ಕೆಲಸ ಹೇಳಿ, ಆಮೇಲೆ ದೂರು. ಮೈಮೇಲೆ ಗಾಯ ಕಂಡರೆ, ಚೂಟಿಯಾಗಿದ್ದ ಮಗು ದಿಢೀರನೆ ಮಂಕಾದರೆ, ಮುಖ್ಯ ಶಿಕ್ಷಕರಿಗೆ ಅಂದೇ ತಿಳಿಸಿ. ಮನೆಯಲ್ಲೇ ಹಿಂಸೆಯಾಗುತ್ತಿರುವ ಅನುಮಾನವಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.