ಜೋಮು ಇಳಿಯುವ ಮುಂಚೆ

ನಿಮ್ಮಮ್ಮನ ಮಂಡಿ ಆಪರೇಷನ್‌ಗೆ ದಿನ ಗೊತ್ತಾಯಿತಂತೆ, ಮಗು. ಮೂಳೆ ವಾರ್ಡಿನಲ್ಲಿ ನರ್ಸ್ ಆಗಿ ತಲೆ ನರೆಸಿಕೊಂಡವಳು ನಾನು, ಅದಕ್ಕೇ ಮೊದಲೇ ಹೇಳ್ತೀನಿ: ಅವತ್ತು ಸಂಜೆ ಅವಳು ಆರಾಮಾಗಿ ಕಾಫಿ ಕುಡಿಯೋದು ನೋಡಿ ನೋವು ಮುಗೀತು ಅಂದುಕೊಳ್ಳಬೇಡ.

ಆ ಆರಾಮ ನರ್ವ್ ಬ್ಲಾಕ್‌ನದು. ಅನಸ್ತೇಷಿಯಾ ಡಾಕ್ಟರು ಅಲ್ಟ್ರಾಸೌಂಡ್ ಪರದೆ ನೋಡುತ್ತಾ ತೊಡೆಯ ಒಳಬದಿಗೆ ಸೂಜಿ ಇಳಿಸಿ, ನರದ ಪಕ್ಕದಲ್ಲೇ ರೋಪಿವಕೇನ್‌ನಂಥ ಮದ್ದು ಬಿಡುತ್ತಾರೆ. ಹಿಂದೆಲ್ಲ ತೊಡೆಸಂದಿಯ ಫೀಮೊರಲ್ ನರಕ್ಕೇ ಕೊಡುತ್ತಿದ್ದರು. ನೋವೇನೋ ಅಡಗುತ್ತಿತ್ತು, ಜೊತೆಗೆ ತೊಡೆಯ ಬಲವೂ ಹೋಗುತ್ತಿತ್ತು. ಬಚ್ಚಲಿಗೆ ಎದ್ದವರ ಮಂಡಿ ಎಲ್ಲಿ ಕುಸಿಯುತ್ತೋ ಅಂತ ನಮಗೆ ಜೀವ ಕೈಯಲ್ಲಿ. ಈಗ ತೊಡೆಯ ಒಳಬದಿಗೆ ಕೊಡುವ ಈ ಅಡಕ್ಟರ್ ಕೆನಾಲ್ ಬ್ಲಾಕ್ ಆ ಬಲವನ್ನು ಬಹುಮಟ್ಟಿಗೆ ಉಳಿಸುತ್ತೆ. ಹಾಗಂತ ಒಬ್ಬಳೇ ಏಳಲು ಬಿಡಬೇಡ. ಜೋಮು ಹಿಡಿದ ಕಾಲಿಗೆ ಬಿಸಿನೀರಿನ ಚೀಲವನ್ನೂ ಇಡಬೇಡ, ಸುಟ್ಟರೂ ಗೊತ್ತಾಗಲ್ಲ.

ಒಂದೇ ಸಲ ಕೊಟ್ಟ ಬ್ಲಾಕ್ ಸುಮಾರು 12ರಿಂದ 24 ಗಂಟೆ ಬಾಳುತ್ತೆ. ಲೆಕ್ಕ ಹಾಕು: ಬೆಳಿಗ್ಗೆ ಆಪರೇಷನ್ ಆದರೆ ಅದು ಇಳಿಯೋದು ನಡುರಾತ್ರಿಗೋ ಬೆಳಗಿನ ಜಾವಕ್ಕೋ. ಅದುವರೆಗೆ ತಡೆದಿದ್ದ ನೋವು ಒಮ್ಮೆಲೇ ನುಗ್ಗುತ್ತೆ. ಆಮೇಲೆ ಮಾತ್ರೆ ನುಂಗಿದರೆ ಅದು ಹತ್ತೋವರೆಗೆ ಒದ್ದಾಟ. ಡಾಕ್ಟರು ಬರೆದ ಪ್ಯಾರಾಸಿಟಮಾಲ್, ಮಿಕ್ಕ ಮಾತ್ರೆಗಳನ್ನು ನೋವಿಲ್ಲ ಅಂದರೂ ಹೊತ್ತಿಗೆ ಸರಿಯಾಗಿ ಕೊಡಿಸು. ರಕ್ತ ತೆಳುವಾಗಿಸುವ ಮಾತ್ರೆ, ಕಿಡ್ನಿ ತೊಂದರೆ ಇದ್ದರೆ ಮುಂಚೆಯೇ ಹೇಳಿಬಿಡು.

ನಿಮ್ಮಮ್ಮ "ಪರವಾಗಿಲ್ಲ" ಅನ್ನುತ್ತಾಳೆ, ನೋಡ್ತಿರು. ಸಹಿಸೋದೇ ದೊಡ್ಡತನ ಅಂತ ನಮ್ಮ ಕಾಲದ ಹೆಣ್ಣುಮಕ್ಕಳಿಗೆ ಕಲಿಸಿಬಿಟ್ಟರು. ಎಂಥೆಂಥ ಗಟ್ಟಿಗಿತ್ತಿಯರು ಹಲ್ಲು ಕಚ್ಚಿಕೊಂಡು, ದಿಂಬಿನ ಅಂಚು ಹಿಂಡುತ್ತಾ ಮಲಗಿದ್ದನ್ನು ಕಂಡಿದ್ದೀನಿ. ನೋವು ನುಂಗಿದವಳು ಮಂಡಿ ಮಡಚಲ್ಲ. ಮೊದಲ ವಾರಗಳಲ್ಲಿ ಮಡಚದ ಮಂಡಿ ಬಿಗಿದುಕೊಳ್ಳುತ್ತೆ. "ಹೇಗಿದೀಯಮ್ಮ" ಅಂತ ಕೇಳಬೇಡ, "ಹತ್ತರಲ್ಲಿ ಎಷ್ಟು ನೋವು" ಅಂತ ಕೇಳು. ಮುಖ ನೋಡಿ ಕೇಳು.

ಮರುದಿನ ಕಳೆದರೂ ಪಾದ ಎತ್ತಲು ಬಾರದಿದ್ದರೆ, ಮೀನಖಂಡ ಊದಿದರೆ, ಉಸಿರು ಕಟ್ಟಿದರೆ ತಡಮಾಡದೆ ಡಾಕ್ಟರನ್ನು ಕರೆ. ಮನೆಗೆ ಬಂದ ಮೇಲೆ, ಫಿಸಿಯೋ ಬರುವ ಮುಕ್ಕಾಲು ಗಂಟೆ ಮೊದಲೇ ನೋವಿನ ಮಾತ್ರೆ ಕೊಡಬಹುದಾ ಅಂತ ಡಾಕ್ಟರನ್ನು ಕೇಳಿಕೊಂಡಿರು.